ಬಿಸಿಲಿಗೆ ಹಿಡಿದ ಟ್ಯಾಬ್

"ಏನ್ರಿ ಇದು, ನನ್ನ ಮೀಸೆ ಬಿಟ್ರೆ ಇದ್ರಾಗೆ ಏನೂ ಕಾಣ್ತಿಲ್ಲ!" ಚಳ್ಳಕೆರೆಯ ಅಂಗಡಿಯಿಂದ ಮೂರನೇ ಟ್ಯಾಬನ್ನೂ ಬೀದಿ ಬಿಸಿಲಿಗೆ ತಂದು ಹಿಡಿದ ಮುದ್ದಪ್ಪ ಸಿಡುಕಿದ.

"ಮಗಳು ನೆರಳಾಗೆ ಓದ್ಲಿ ಬಿಡ್ರಿ, ಯಜಮಾನ್ರೇ. ಈ ರೇಟಿಗೆ ಇನ್ನೇನು ಬರ್ತೈತೆ?" ಎಂದ ಅಂಗಡಿಯವನು.

"ಕುರಿ ಮೇಯಿಸ್ಕೊಂಡು ಪಿಯುಸಿ ಓದೋಳು ಇವಳು. ಆ ಬಯಲು ಕಾವಲಾಗೆ ನೆರಳು ಎಲ್ಲೈತ್ರಿ?"

ರೇಗಿಹೋದ ಮುದ್ದಪ್ಪ ಟ್ಯಾಬನ್ನು ಮಗಳು ಸ್ವಪ್ನಳ ಕೈಗಿತ್ತು, ಹೆಗಲ ಕಂಬಳಿಯನ್ನು ಮುಸುಕಿನಂತೆ ಕೊಪ್ಪೆ ಮಾಡಿ ಅವಳ ತಲೆಗೆ ಹೊದಿಸಿದ. "ಈಗ ಕಾಣ್ತೈತೇನೇ?"

ಕಂಬಳಿಯೊಳಗೆ ಅವಳು ಆಗಲೇ ಯಾವುದೋ ಪಾಠ ತೆರೆದು ಓದತೊಡಗಿದ್ದಳು. ಮುದ್ದಪ್ಪ ಇನ್ನೊಮ್ಮೆ ಕೂಗಿದ. ಪಕ್ಕದಲ್ಲೇ ಲಾರಿ ಹಾರ್ನ್ ಹೊಡೆಯಿತು. ಕೊಪ್ಪೆ ಅಲುಗಲಿಲ್ಲ.

ಮುದ್ದಪ್ಪ ಹಣೆ ಚಚ್ಚಿಕೊಂಡ. "ಹಿಂಗಾದ್ರೆ ಕುರಿ ಕಂಡೋರ ಹೊಲಕ್ಕೆ ನುಗ್ತವೆ! ಇದನ್ನೇ ಕೊಡ್ರಿ. ನಾಳೆಯಿಂದ ಕುರಿ ಹಿಂದೆ ನಾನೇ ಸಾಯ್ತೀನಿ, ಇವಳು ನೆರಳಾಗೆ ಕೂತ್ಕಂಡು ಓದ್ಲಿ."