ಜೋಳ ತಿನ್ನಲು ಬಂದ ಪಾರಿವಾಳಗಳು

ಮಗು ತೀರಿಕೊಂಡಂದಿನಿಂದ ನೀಲವ್ವ ಯಾರೊಡನೆಯೂ ಒಂದು ಮಾತು ಆಡಿರಲಿಲ್ಲ. ಚಳಿ ಬಿದ್ದ ಮೇಲೆ ಹಿತ್ತಲಿಗೆ ಪಾರಿವಾಳಗಳು ಬರತೊಡಗಿದವು. ಅವಕ್ಕೆ ಜೋಳ ಚೆಲ್ಲುತ್ತ, "ಬರ್ರೆಪಾ, ಹೊಟ್ಟಿ ತುಂಬ ತಿನ್ರಿ" ಎಂದು ಅವಳು ಕರೆಯುವುದನ್ನು ಗಂಡ ಫಕೀರಪ್ಪ ದಿನವೂ ಬಾಗಿಲ ಮರೆಯಲ್ಲಿ ನಿಂತು, ಕೆಮ್ಮು ಅದುಮಿಕೊಂಡು ಕೇಳುತ್ತಿದ್ದ.

ಕೆಮ್ಮು ಉಬ್ಬಸಕ್ಕೆ ತಿರುಗಿದಾಗ ಇಬ್ಬರೂ ದವಾಖಾನೆಗೆ ಹೋದರು.

"ಇದು ಪಾರಿವಾಳದ ಹಿಕ್ಕಿ ಧೂಳಿಗೆ ಬರೋ ರೋಗ ಇದ್ದಂಗ ಕಾಣ್ತದ. ಹಿಂಗ ಬಿಟ್ರ ಜೀವಕ್ಕ ಅಪಾಯ," ಎಂದರು ಡಾಕ್ಟರು. "ನಿಮ್ಮ ಮನಿಗೆ ಪಾರಿವಾಳ ಬರ್ತಾವೇನು?"

ಪಾರಿವಾಳ ಹೋದರೆ ಹಿತ್ತಲಿನ ಆ ದನಿಯೂ ಹೋಗುತ್ತದೆ. ಫಕೀರಪ್ಪ ಪಕ್ಕದಲ್ಲಿ ಕುಳಿತ ಹೆಂಡತಿಯತ್ತ ನೋಡದೆ, "ಇಲ್ರೀ ಸಾಹೇಬ್ರ, ಒಂದೂ ಬರೂದಿಲ್ಲ" ಎಂದ.

"ಸುಳ್ಳ್ರೀ ಅದು," ಎಂದಳು ನೀಲವ್ವ. "ದಿನಾ ಕಾಳು ಹಾಕಾಕಿ ನಾನ."