ಗಿರಣಿ ಸನ್ನೆ

ಚನ್ನಮಲ್ಲಮ್ಮ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು. ಎದುರಿಗೆ ಕುಳಿತ ಗಂಡ ಗಡಿಗೆಪ್ಪ ನಿನ್ನೆ ರಾಯಚೂರಿನಲ್ಲಿ ನೋಡಿದ ಪಿಕ್ಚರನ್ನು ಹೊಗಳುತ್ತಲೇ ಇದ್ದ.

"ಏನ್ ಪಿಕ್ಚರ್ ಲೇ! ಆ ಆಕಾಶದ ಹಡಗಿನ ಹೊಟ್ಟಿ ಥೇಟ್ ನಮ್ಮ ಬಾಯ್ಲರ್. ಹೀರೋ ಹಿಡಿಕಿ ತಿರುವಿದ್ದು ನೋಡಿದೇನು? ಒಂದು ಮಾತೂ ಬೇಕಾಗಲಿಲ್ಲ, ಎಲ್ಲಾ ತಿಳೀತು."

ದೇವದುರ್ಗದಿಂದ ಬಂದಿದ್ದ ಮಗಳು ಕಾವ್ಯಾ ನಕ್ಕಳು. "ಯವ್ವಾ, ಕಡೀದೊಂದು ಬಿಟ್ಟರ ಅದರಾಗ ಮಾತರ ಎಲ್ಲಿದ್ದವು ಬೇ? ಕಥಿನೇ ಇಲ್ಲ. ಗಾಳಿ ಇಲ್ಲದ ಜಾಗದಾಗ ಬೆಂಕಿ ಹೆಂಗ ಹತ್ತತದ? ಬರೇ ಢಂ ಢಂ. ನನಗಿನ್ನೂ ತಲಿ ನೋಯಾಕತ್ತದ."

"ನಿಮ್ಮಪ್ಪಗ ಆ ಢಂ ಎದಿಗೆ ಬಡಿದದವ್ವಾ. ಎಷ್ಟು ವರ್ಷದ ಮ್ಯಾಲ ಒಂದು ಸಪ್ಪಳ ಸಿಕ್ಕದ."

ಗಂಡ ಹೆಂಡತಿ ಇಬ್ಬರೂ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ದುಡಿದವರು; ಅವನು ಯಂತ್ರದ ಪಕ್ಕ, ಅವಳು ಹೊರಗೆ ಅಂಗಳದಲ್ಲಿ. ಆ ಗದ್ದಲದಲ್ಲಿ ಎಲ್ಲರ ಮಾತೂ ಕೈಸನ್ನೆಯಲ್ಲೇ. ಗಡಿಗೆಪ್ಪನ ಕಿವಿ ಹೋದ ಮೇಲೆ ಮನೆಗೂ ಅದೇ ಸನ್ನೆ ಬಂತು. ರಾಯಚೂರಿನ ಸಂಘವೊಂದು ಕಿವಿ ಮಷೀನು ಕೊಡುತ್ತದೆಂದು ಕಾವ್ಯಾ ಅವನ ಹೆಸರಲ್ಲಿ ಅರ್ಜಿ ಪತ್ರ ಬರೆದಿಟ್ಟು ಎರಡು ಯುಗಾದಿ ಕಳೆದಿದ್ದವು. ಅವನು ಸಹಿ ಹಾಕಿರಲಿಲ್ಲ. "ನಮ್ಮ ಮಾತು ನಮಗ ನಡದದ. ಕಿವುಡ ಅಂತ ನನ್ನ ಕೈಲೇ ಬರಸ್ತೀರೇನು?" ಎನ್ನುತ್ತಿದ್ದ.

"ಆದ್ರ ಕಡೀಗೆ ಪಡದಿ ಕತ್ತಲಾತಲ್ಲ," ಗಡಿಗೆಪ್ಪನ ದನಿ ಇಳಿಯಿತು. "ನೋಡಾಕ ಏನೂ ಇರಲಿಲ್ಲ. ಎಲ್ಲಾರೂ ಅತ್ರಿ. ನೀನೂ ಸೆರಗು ಕಣ್ಣಿಗೆ ಹಚ್ಚಿದಿ. ಯಾಕ?"

ಚನ್ನಮಲ್ಲಮ್ಮ ಕೈ ತೊಳೆದು ಬಂದು ಕುಳಿತಳು. ಗಿರಣಿಯ ಸನ್ನೆಯಲ್ಲಿ ಚೀಲವಿತ್ತು, ಬೆಲ್ಟ್ ಇತ್ತು, ಊಟವಿತ್ತು, ಕೂಸು ಇರಲಿಲ್ಲ. ಯೋಚಿಸಿ, ಕೂಸು ಮಾತಾಡಿತು ಎನ್ನಲು ಸಣ್ಣ ಚೀಲ ಎಂದು ಸನ್ನೆ ಮಾಡಿ ಬಾಯಿ ತೋರಿಸಿದಳು.

"ಚೀಲದ ಬಾಯಿ ಬಿಚ್ಚಿದ್ದಕ್ಕ ಅತ್ರೇನು?"

ಕಾವ್ಯಾ ನಗು ತಡೆದು ಮೊಬೈಲಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಹಿಡಿದಳು. ಸಾಯುತ್ತಿದ್ದ ಹೀರೋಗೆ ಭೂಮಿಯಿಂದ ಅವನ ಪುಟ್ಟ ಮಗಳು ಹೇಳಿದ ಮಾತು: 'ಅಪ್ಪಾ, ನನ್ನ ಹಲ್ಲು ಬಿತ್ತು. ಹಾಲನ್ನ ಉಂಡೆ.'

ಗಡಿಗೆಪ್ಪ ಎರಡು ಸಲ ಓದಿದ. "ಇಷ್ಟಕ್ಕ?"

"ಮಾತಿಗಲ್ಲರೀ, ಆ ಕೂಸಿನ ದನಿಗೆ," ಎಂದಳು ಚನ್ನಮಲ್ಲಮ್ಮ. ಕಾವ್ಯಾ ಅದನ್ನೂ ಬರೆದು ತೋರಿಸಿದಳು.

ಅವನು ಮೊಬೈಲ್ ಬಿಟ್ಟು ಮಗಳ ಮುಖ ನೋಡಿದ. "ನಿನ್ನ ದನಿ ಈಗ ಹೆಂಗದವ್ವಾ? ಮದಿವಿಕಿಂತ ಮೊದಲು ಕೇಳಿದ್ದು."

ಕಾವ್ಯಾ ಉತ್ತರ ಬರೆಯಲು ಹೋದಳು. ದನಿಯನ್ನು ಬರೆದು ತೋರಿಸಲು ಬರುವುದಿಲ್ಲವೆಂದು ಮೊಬೈಲ್ ಕೆಳಗಿಟ್ಟಳು.

"ಆ ಪತ್ರ ತಾ," ಎಂದ ಗಡಿಗೆಪ್ಪ.

ಸಹಿ ಹಾಕಿ, ಉಣ್ಣದೆಯೇ ಎದ್ದ. ಅಂಚೆ ಕಚೇರಿಯ ಡಬ್ಬಿಯೊಳಗೆ ಲಕೋಟೆ ಬಿಟ್ಟು, ಬೆನ್ನ ಹಿಂದೆ ಬಂದಿದ್ದ ಹೆಂಡತಿಯತ್ತ ತಿರುಗಿದ.

"ಬಿದ್ದ ಸಪ್ಪಳ ಆತೇನು?"

ಹಗುರವಾದ ಕಾಗದ, ಅವಳಿಗೂ ಏನೂ ಕೇಳಿಸಿರಲಿಲ್ಲ. ಆದರೂ ಚನ್ನಮಲ್ಲಮ್ಮ ಹೌದೆಂದು ತಲೆಯಾಡಿಸಿದಳು.