ಒಳಗುಹೆಯ ಅತಿಥಿ

ಬಖೀತ್ ಗುಹೆಯ ಬಾಯಿಗೆ ಬಂದು ಬಿದ್ದಾಗ ಅವನ ಅಂಗಾಲಿನ ಚರ್ಮ ಕಿತ್ತುಹೋಗಿತ್ತು. ಹಿಂದೆ ಮೂವರು ಬೆನ್ನಟ್ಟಿ ಬರುತ್ತಿದ್ದರು. ಕರಾವಳಿಯ ಮೀನುಗಾರನಿಗೆ ಬೆಟ್ಟದ ದಾರಿ ಹೊಸದು. ಆದರೆ ಸೊಕೋತ್ರ ದ್ವೀಪದಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುವ ಒಂದು ಕಟ್ಟಳೆ ಅವನಿಗೂ ಗೊತ್ತಿತ್ತು. ಗುಹೆಯವರ ಹಾಲು ಕುಡಿದವನನ್ನು ಆ ಗುಹೆಯೊಳಗೆ ಯಾರೂ ಮುಟ್ಟುವಂತಿಲ್ಲ.

“ಅಮ್ಮಾ, ಒಂದು ಗುಟುಕು ಹಾಲು!”

ಆಡುಗಳ ನಡುವೆ ಕೂತಿದ್ದ ಮುದುಕಿ ತನೂಫ್ ನಕ್ಕಳು. “ಕರಾವಳಿಯವರಿಗೆ ಸಲಾಂ ಅನ್ನೋಕೂ ಉಸಿರಿಲ್ವಾ? ಕೂತ್ಕೋ ಮಗಾ.” ಮುಚ್ಚಿಟ್ಟಿದ್ದ ಬಟ್ಟಲನ್ನು ತಂದು ಅವನ ಕೈಗಿಟ್ಟಳು.

“ಯಾರಿಗೋ ಎತ್ತಿಟ್ಟ ಹಾಗಿದೆ?”

“ಅವನು ಬರೋವಷ್ಟರಲ್ಲಿ ಮತ್ತೆ ಕರೀತೀನಿ ಬಿಡು. ಆಡು ಎಲ್ಲೂ ಓಡಿಹೋಗಲ್ಲ, ನಿನ್ನ ಹಾಗೆ.”

ಬಲೆ ಕದ್ದೆನೆಂದು ದೋಣಿಯವರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದ ಬಖೀತ್. ಸುಳ್ಳು. ಅಂದು ಬೆಳಿಗ್ಗೆ ಸಂತೆಯಲ್ಲಿ, ಇವನ ಮೀನು ನಾರುತ್ತದೆ ಎಂದು ನಾಲ್ಕು ಜನರ ಮುಂದೆ ನಕ್ಕ ಹುಡುಗನೊಬ್ಬನಿಗೆ ಚೂರಿ ಹಾಕಿದ್ದ. ಹುಡುಗನ ಹೆಸರೂ ಗೊತ್ತಿರಲಿಲ್ಲ. ಅಷ್ಟಕ್ಕೇ ಚೂರಿ ಎತ್ತಿದವನನ್ನು ಏನೆನ್ನಬೇಕೋ ಗೊತ್ತಿಲ್ಲ. ಈಗಂತೂ ಅವನು ಅತಿಥಿ.

ತನೂಫ್ ಮೂಲೆಯ ಕಿಂಡಿ ತೋರಿಸಿದಳು. ತೆವಳಿಕೊಂಡೇ ಹೋಗಬೇಕು. “ಆ ಒಳಗುಹೆ ನಂದು. ನನಗೇ ಅಂತ ಇಟ್ಕೊಂಡಿದೀನಿ. ಯಾರೂ ಬರಲ್ಲ, ಹೋಗು.”

ಒಳಗೆ ಒಣಗಿದ ನೆಲ, ಒಬ್ಬ ಮನುಷ್ಯ ಕಾಲು ಚಾಚುವಷ್ಟು ಜಾಗ. ಬಖೀತ್ ಕಿಂಡಿಗೆ ಕಣ್ಣಿಟ್ಟ.

ಮೂವರೂ ಬಂದರು. ಅವರಲ್ಲಿ ಎತ್ತರದವನು ತಲೆಯ ವಸ್ತ್ರ ತೆಗೆದು, ಬಗ್ಗಿ, ಮುದುಕಿಯ ಕಿವಿಯಲ್ಲಿ ಏನೋ ಹೇಳಿದ. ಗಾಳಿಯಲ್ಲಿ ಒಂದು ಮಾತೂ ಕೇಳಿಸಲಿಲ್ಲ. ತನೂಫ್ ಇದ್ದಲ್ಲೇ ಕುಸಿದು ಕೂತಳು. ಬಹಳ ಹೊತ್ತು ಏಳಲೇ ಇಲ್ಲ. ಬಖೀತ್ ಕಿಂಡಿಗೆ ಇನ್ನಷ್ಟು ಒತ್ತಿಕೊಂಡ. ಇವಳು ಹೆದರಿದರೆ ತನ್ನ ಕಥೆ ಮುಗಿದ ಹಾಗೆ.

ಅವಳು ಎದ್ದಳು. ಗುಹೆಯೆಲ್ಲ ಮೊಳಗುವಂತೆ ಕೂಗಿದಳು.

“ಅವನು ನನ್ನ ಹಾಲು ಕುಡಿದಿದಾನೆ. ಈ ಗುಹೇಲಿ ಇರೋವರೆಗೂ ಅವನ ಮೇಲೆ ಒಬ್ಬರೂ ಕೈ ಮಾಡಕೂಡದು!”

ಒಬ್ಬ ಚೂರಿ ಹಿರಿದ. ಮುದುಕಿ ಅವನ ಕೆನ್ನೆಗೆ ಬಾರಿಸಿದಳು. ಬಖೀತ್‌ನ ಕಣ್ಣು ತುಂಬಿ ಬಂತು. ಹೆತ್ತ ತಾಯಿಯೂ ಅವನ ಪರವಾಗಿ ಹೀಗೆ ನಿಂತಿರಲಿಲ್ಲ.

ತನೂಫ್ ಕಿಂಡಿಯ ಬಳಿ ಬಗ್ಗಿದಳು. “ಇವರು ಹೋಗಲ್ಲ. ಗಾಳೀನೂ ಏಳ್ತಿದೆ. ಈ ಕಿಂಡಿ ಬಾಯಿಗೆ ಕಲ್ಲು ಇಡಿಸ್ತೀನಿ.”

“ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಅಮ್ಮಾ. ಎಷ್ಟು ದಿನ ಇರಲಿ?”

“ಅತಿಥೀನ ಹೋಗು ಅನ್ನೋ ರೂಢಿ ನಮ್ಮಲ್ಲಿಲ್ಲ.”

ಗಾಳಿಯ ತಿಂಗಳುಗಳಲ್ಲಿ ಬೆಟ್ಟದವರು ಗುಹೆಯ ಬಾಯಿಗೆ ಕಲ್ಲು ಪೇರಿಸುತ್ತಾರೆಂದು ಅವನು ಕೇಳಿದ್ದ. ಕಲ್ಲುಗಳು ಬಂದವು. ಒಂದೊಂದನ್ನೂ ಇಬ್ಬರು ಹೊತ್ತು ತರುವಷ್ಟು ದಪ್ಪ. ತನ್ನನ್ನು ಕೊಲ್ಲಲು ಬಂದವರಿಂದಲೇ ಮುದುಕಿ ಕೂಲಿ ಮಾಡಿಸುತ್ತಿದ್ದಾಳೆ! ಬಖೀತ್‌ಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಸಂದುಗಳಿಗೆ ಹಸಿ ಮಣ್ಣು ಮೆತ್ತತೊಡಗಿದರು. ಬೆಳಕಿನ ಗೆರೆಗಳು ಒಂದೊಂದಾಗಿ ಹೋದವು. ಗಾಳಿಯ ಸದ್ದೂ ನಿಂತಿತು. ಗಾಳಿಗೆ ಇಷ್ಟೊಂದು ಬಂದೋಬಸ್ತು ಯಾಕೋ ಎಂದುಕೊಳ್ಳುತ್ತ ಅವನು ನೆಮ್ಮದಿಯಾಗಿ ಕಾಲು ಚಾಚಿದ. ಉಳಿದಿದ್ದ ಒಂದೇ ಸಂದಿನಿಂದ ತನೂಫಳ ದನಿ ಕೇಳಿಸಿತು. ಅವಳು ಎತ್ತರದವನಿಗೆ ಹೇಳುತ್ತಿದ್ದಳು.

“ಅಣ್ಣಾ, ನನ್ನ ಮಗನ ಹೆಣಾನ ಇಲ್ಲಿಗೆ ತರಬೇಡ, ಬೇರೆ ಗುಹೆ ನೋಡು, ಇದರಲ್ಲಿ ಆಗಲೇ ಒಬ್ಬನ್ನ ಮಣ್ಣು ಮಾಡಿ ಆಯ್ತು.”